ಮೈಸೂರು–ಮಂಗಳೂರು ವಿಮಾನ: ದೂರ 208 ಕಿ.ಮೀ., ಸಮಯ ಒಂದು ಗಂಟೆ. ಇದು ಹೇಗೆ?

ಕುವೆಂಪುನಗರ ನಿವಾಸಿ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ನಿಂದ ಮಂಗಳೂರಿನ ಬಜ್ಪೆ ಏರ್‌ಪೋರ್ಟ್‌ಗೆ ನಿಜವಾಗಿ ಎಷ್ಟು ದೂರ? ಒಂದು ಕಡೆ 112 ಅಂತ ಇದೆ. ಇನ್ನೊಂದು ಕಡೆ 129. ಮತ್ತೊಂದು ಕಡೆ 208. ರಸ್ತೆಯಲ್ಲಿ ಹೋದರೆ 250 ಕಿ.ಮೀ. ದಾಟುತ್ತದೆ. ಯಾವುದನ್ನು ನಂಬಬೇಕು?

ಎರಡನೇ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಈ ಮಾರ್ಗದಲ್ಲಿ ವಿಮಾನ ಶುರು ಮಾಡಿದಾಗ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಂತ ಇತ್ತು. ಬೆಂಗಳೂರಿನಿಂದ ಮಂಗಳೂರಿಗೂ ಹೆಚ್ಚು ಕಡಿಮೆ ಒಂದು ಗಂಟೆಯೇ. ಆದರೆ ಅದು 300 ಕಿ.ಮೀ.ಗಿಂತ ಜಾಸ್ತಿ. ನೂರು ಕಿ.ಮೀ. ಕಮ್ಮಿ ಇದ್ದರೂ ಸಮಯ ಅಷ್ಟೇ ಹೇಗೆ ಆಗುತ್ತದೆ?

ಕೇಳೋಕೆ ಕಾರಣ ಇದೆ. ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿದೆ. ಅಕ್ಕನ ಮನೆ ಮಂಗಳೂರಿನ ಕದ್ರಿಯಲ್ಲಿ. ಮಡಿಕೇರಿ ದಾಟಿ ಸಂಪಾಜೆ ಕಡೆ ಇಳಿಯುವ ತಿರುವುಗಳಲ್ಲಿ ಅಮ್ಮನಿಗೆ ಕೂರೋಕೆ ಆಗುವುದಿಲ್ಲ. ನೇರ ವಿಮಾನ ನಿಂತು ಹೋಗಿದೆ. ನಮ್ಮ ಬಡಾವಣೆಯಲ್ಲಿ ಹೀಗೆ ಮಕ್ಕಳು ಕರಾವಳಿಯಲ್ಲಿರುವ ಹಿರಿಯರು ಸಾಕಷ್ಟು ಜನ ಇದ್ದಾರೆ. ಎಲ್ಲರೂ ಸೇರಿ ಸಂಸದರಿಗೆ ಒಂದು ಮನವಿ ಬರೆಯಬೇಕು ಅಂತಿದ್ದೇವೆ. ಅದರಲ್ಲಿ ಹಾಕುವ ಅಂಕಿ ಸರಿ ಇರಬೇಕು. ದಯವಿಟ್ಟು ಗೊತ್ತಿದ್ದವರು ಹೇಳಿ.

ಸೊನ್ನೆ ಒಂದು
ಮೂರೂ ಸರಿ ಸರ್. ಅಳತೆ ಬೇರೆ ಬೇರೆ, ಅಷ್ಟೇ. 112 ಅನ್ನೋದು ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿ. 129 ನಮ್ಮ ಹಳೇ ಮೈಲಿ. 208 ಕಿ.ಮೀ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ., ಸಾಮಾನ್ಯ ಮೈಲಿಗೆ 1.609 ಕಿ.ಮೀ. ಗುಣಿಸಿ ನೋಡಿ, ಮೂರೂ 208ರ ಹತ್ತಿರವೇ ಬರುತ್ತವೆ.

ಬಿ.ಸಿ. ರೋಡ್ ಜಂಕ್ಷನ್
ನಾನು 180 ಕಿ.ಮೀ. ಅಂತಲೂ ನೋಡಿದ್ದೇನಲ್ಲ ಮಾರಾಯ್ರೆ. ಅದು ಎಲ್ಲಿಂದ ಬಂತು?

ಸೊನ್ನೆ ಒಂದು
112 ಅನ್ನು 1.609ರಿಂದ ಗುಣಿಸಿ. ಸರಿಯಾಗಿ 180 ಬರುತ್ತದೆ. ಯಾರೋ ನಾಟಿಕಲ್ ಮೈಲಿಯನ್ನು ಸಾಮಾನ್ಯ ಮೈಲಿ ಅಂದುಕೊಂಡು ಬದಲಾಯಿಸಿದ್ದಾರೆ. ಅದನ್ನು ನಂಬಬೇಡಿ.

ಬೇಕಾದರೆ ನೀವೇ ಲೆಕ್ಕ ಹಾಕಬಹುದು, ಹೈಸ್ಕೂಲ್ ಗಣಿತ ಸಾಕು. ಮೈಸೂರು ಏರ್‌ಪೋರ್ಟ್ ಅಕ್ಷಾಂಶ 12.23, ರೇಖಾಂಶ 76.66. ಮಂಗಳೂರಿನದು 12.96 ಮತ್ತು 74.89. ಅಕ್ಷಾಂಶದ ವ್ಯತ್ಯಾಸ 0.73 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಾಕಿದರೆ ಉತ್ತರಕ್ಕೆ 81 ಕಿ.ಮೀ. ರೇಖಾಂಶದ ವ್ಯತ್ಯಾಸ 1.77 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108.5 ಕಿ.ಮೀ. ಹಾಗಾಗಿ ಪಶ್ಚಿಮಕ್ಕೆ 192 ಕಿ.ಮೀ. ಇವೆರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 208. ದೂರ ಕಮ್ಮಿ ಇರುವಾಗ ಭೂಮಿ ದುಂಡಗಿರುವುದರಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಮನವಿಯಲ್ಲಿ 208 ಕಿ.ಮೀ. ಅಂತಲೇ ಹಾಕಿ.

ತೋಟದ ಮನೆ
ನಾನು ಸೋಮವಾರಪೇಟೆ ಕಡೆಯವನು. ನಕ್ಷೆಯಲ್ಲಿ ಆ ಎರಡು ಏರ್‌ಪೋರ್ಟ್ ಮಧ್ಯೆ ಗೆರೆ ಎಳೆದು ನೋಡಿದೆ. ಬಹಳ ಚೆನ್ನಾಗಿದೆ. ಹುಣಸೂರು, ಕುಶಾಲನಗರ ಎಡಕ್ಕೆ ಉಳಿಯುತ್ತವೆ. ಗೆರೆ ಪುಷ್ಪಗಿರಿಯ ಪಕ್ಕದಲ್ಲೇ ಹಾಯುತ್ತದೆ, ಆಮೇಲೆ ಕುಕ್ಕೆ ಸುಬ್ರಹ್ಮಣ್ಯ, ಉಪ್ಪಿನಂಗಡಿ, ಬಂಟ್ವಾಳ. ಪುಷ್ಪಗಿರಿ 1,712 ಮೀಟರ್ ಎತ್ತರ. ಅಲ್ಲಿಂದ ಕುಕ್ಕೆ ಕೆಳಗೇ ಕಾಣುತ್ತದೆ. ರಸ್ತೆ ಅಲ್ಲಿ ನೇರವಾಗಿ ಹೋಗುವುದಕ್ಕೇ ಆಗುವುದಿಲ್ಲ. ಅದಕ್ಕೇ ಮಡಿಕೇರಿ ಸುತ್ತಿ ಸುಳ್ಯಕ್ಕೆ ಇಳಿಯಬೇಕು.

ಬಿ.ಸಿ. ರೋಡ್ ಜಂಕ್ಷನ್
ಗೆರೆ ನಮ್ಮ ಮನೆ ಮೇಲೆಯೇ ಹೋಗುತ್ತದೆ ಹಾಗಾದ್ರೆ!

ರನ್‌ವೇ 27
ದೂರದ ವಿಷಯ ಮುಗಿಯಿತು. ಈಗ ಸಮಯಕ್ಕೆ ಬರೋಣ. ನಾನು ಏರ್‌ಪೋರ್ಟ್‌ನಲ್ಲಿ ಗ್ರೌಂಡ್ ಕೆಲಸ ಮಾಡಿದವನು, ಊರು ಯಾವುದು ಅಂತ ಬೇಡ.

ಟಿಕೆಟ್ ಮೇಲೆ ಇರುವ ಒಂದು ಗಂಟೆ ಹಾರಾಟದ ಸಮಯ ಅಲ್ಲ. ಅದಕ್ಕೆ ನಾವು ಬ್ಲಾಕ್ ಟೈಮ್ ಅಂತೀವಿ. ನಿಂತ ವಿಮಾನದ ಚಕ್ರ ಉರುಳದ ಹಾಗೆ ಚಾಕ್ ಅನ್ನುವ ತಡೆ ಇಟ್ಟಿರುತ್ತೇವೆ. ಅದನ್ನು ತೆಗೆದು ವಿಮಾನ ಕದಲಿದಾಗ ಗಡಿಯಾರ ಶುರು. ಆ ಕಡೆ ನಿಂತು ಮತ್ತೆ ಚಾಕ್ ಇಟ್ಟಾಗ ಗಡಿಯಾರ ಬಂದ್. ಇದರೊಳಗೆ ಇಂಜಿನ್ ಸ್ಟಾರ್ಟ್ ಮಾಡುವುದು, ರನ್‌ವೇ ತುದಿಗೆ ಹೋಗುವುದು, ಎಟಿಸಿ (ವಿಮಾನ ಸಂಚಾರ ನಿಯಂತ್ರಿಸುವವರು) ಅನುಮತಿಗೆ ಕಾಯುವುದು, ಮೇಲೇರುವುದು, ಹಾರುವುದು, ಇಳಿಯುವುದು, ನಿಲ್ದಾಣದ ಜಾಗಕ್ಕೆ ಬಂದು ನಿಲ್ಲುವುದು ಎಲ್ಲ ಸೇರಿದೆ.

ಈ ಮಾರ್ಗದಲ್ಲಿ ಓಡುತ್ತಿದ್ದದ್ದು ಎಟಿಆರ್ 72. ಫ್ಯಾನ್ ಥರ ಪ್ರೊಪೆಲ್ಲರ್ ಇರುವ ವಿಮಾನ. ಪೂರ್ತಿ ವೇಗದಲ್ಲಿ ಗಂಟೆಗೆ 500 ಕಿ.ಮೀ. ಹೋಗುತ್ತದೆ. ಬರೀ ಭಾಗಾಕಾರ ಮಾಡಿದರೆ 208 ಕಿ.ಮೀ.ಗೆ 25 ನಿಮಿಷ. ಆದರೆ ಆ ವೇಗದಲ್ಲಿ ಹೋಗುವುದು ಮಧ್ಯದ ಸ್ವಲ್ಪ ಹೊತ್ತು ಮಾತ್ರ. ಏರುವಾಗ ನಿಧಾನ. ಇಳಿಯುವಾಗ ಇನ್ನೂ ನಿಧಾನ. ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ ಸುಮಾರು 35ರಿಂದ 40 ನಿಮಿಷ ಅಂತ ಇಟ್ಟುಕೊಳ್ಳಿ. ಉಳಿದದ್ದು ನೆಲದ ಮೇಲೆ, ಜೊತೆಗೆ ಒಂದಿಷ್ಟು ಕೈಯಲ್ಲಿ ಇಟ್ಟುಕೊಂಡ ಸಮಯ.

ಇನ್ನೊಂದು ವಿಷಯ. ಮೈಸೂರಿನಿಂದ ಮಂಗಳೂರು ವಾಯವ್ಯ ದಿಕ್ಕಿಗೆ ಬರುತ್ತದೆ. ಮಂಗಳೂರಿನ ಮುಖ್ಯ ರನ್‌ವೇ 06 ಮತ್ತು 24. ಅಂದರೆ ಈಶಾನ್ಯದಿಂದ ನೈಋತ್ಯಕ್ಕೆ ಮಲಗಿದೆ. ಆಗ್ನೇಯದಿಂದ ಬರುವ ವಿಮಾನ ಯಾವ ತುದಿಯಿಂದಲೂ ನೇರವಾಗಿ ಇಳಿಯೋಕೆ ಆಗುವುದಿಲ್ಲ. ಒಂದೋ ಒಳನಾಡಿನ ಕಡೆಯಿಂದ, ಇಲ್ಲವೇ ಸಮುದ್ರದ ಕಡೆಯಿಂದ ಸುತ್ತಿ ರನ್‌ವೇ ಸಾಲಿಗೆ ಬರಬೇಕು. ಹಾಗಾಗಿ ನೀವು ಕೂತ ವಿಮಾನ 208 ಕಿ.ಮೀ.ಗಿಂತ ಜಾಸ್ತಿಯೇ ಹಾರುತ್ತದೆ. ಮೈಸೂರಿನಲ್ಲಿ ಗಾಳಿ ನೋಡಿ ಪೂರ್ವಕ್ಕೆ ಟೇಕಾಫ್ ಮಾಡಿದರೆ ಅಲ್ಲೂ ಒಂದು ಸುತ್ತು.

ಕುಡ್ಲದ ಕಡಲು
40 ನಿಮಿಷಕ್ಕೆ ಒಂದು ಗಂಟೆ ಅಂತ ಬರೆಯುವುದು ಯಾಕೆ? ಬೇಗ ತಲುಪಿ "ಸಮಯಕ್ಕೆ ಸರಿಯಾಗಿ ಬಂದೆವು" ಅಂತ ಹೇಳಿಕೊಳ್ಳೋಕೆ ಅಲ್ವಾ? ಜನರಿಗೆ ಇದು ಮೋಸ.

ರನ್‌ವೇ 27
ಮೋಸ ಅಂತ ನಾನು ಒಪ್ಪುವುದಿಲ್ಲ. ಹೇಳಿದ ಸಮಯಕ್ಕಿಂತ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಬಂದ ಹಾಗೆ ಲೆಕ್ಕ. ಎಟಿಆರ್ ದಿನಕ್ಕೆ ಒಂದೇ ಮಾರ್ಗದಲ್ಲಿ ಓಡುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದರ ಹಿಂದೆ ಒಂದು ಊರು. ಮೊದಲ ಊರಿನಲ್ಲಿ 20 ನಿಮಿಷ ತಡವಾದರೆ ಕೊನೇ ಊರಿನವರು ರಾತ್ರಿವರೆಗೆ ಕಾಯಬೇಕು. ಅದಕ್ಕೇ ಸ್ವಲ್ಪ ಉಸಿರಾಡೋಕೆ ಜಾಗ ಬಿಡುತ್ತಾರೆ. ಮಳೆಗಾಲದಲ್ಲಿ ಬಜ್ಪೆಯಲ್ಲಿ ಮೋಡ ಕವಿದಾಗ ಮೇಲೆ ಸುತ್ತು ಹಾಕಬೇಕಾಗುತ್ತದೆ. ಆಗ ಆ ಹತ್ತು ನಿಮಿಷ ಬೇಕೇ ಬೇಕು.

ಕುಡ್ಲದ ಕಡಲು
ಸರಿ, ಆದರೂ ಟಿಕೆಟ್‌ನಲ್ಲಿ ಎರಡೂ ಬರೆಯಬಹುದಲ್ವಾ? ಹಾರಾಟ ಇಷ್ಟು, ಒಟ್ಟು ಇಷ್ಟು ಅಂತ. ಜನರಿಗೆ ಗೊತ್ತಾಗಲಿ.

ಅಂಗಳದ ಸಂಪಿಗೆ
ಇದು ಒಳ್ಳೇ ಮಾತು. ಹಿರಿಯರಿಗೆ ಎಷ್ಟು ಹೊತ್ತು ಬೆಲ್ಟ್ ಹಾಕಿ ಕೂರಬೇಕು ಅನ್ನೋದೇ ಮುಖ್ಯ.

ಸೊನ್ನೆ ಒಂದು
ಮೊದಲ ಪೋಸ್ಟ್‌ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಬೆಂಗಳೂರು–ಮಂಗಳೂರು ನೇರ ದೂರ ಸುಮಾರು 306 ಕಿ.ಮೀ. ಅಲ್ಲಿ ಹೆಚ್ಚಾಗಿ ಜೆಟ್ ಓಡುತ್ತದೆ. ಜೆಟ್ ಮೇಲೆ ಹೋದ ಮೇಲೆ ಗಂಟೆಗೆ 800 ಕಿ.ಮೀ. ದಾಟುತ್ತದೆ. ಅದಕ್ಕೇ ನೂರು ಕಿ.ಮೀ. ಜಾಸ್ತಿ ಇದ್ದರೂ ಸಮಯ ಅಷ್ಟೇ.

ರನ್‌ವೇ 27
ಅರ್ಧ ಸರಿ. ಆ ವೇಗ 306 ಕಿ.ಮೀ.ಯಲ್ಲಿ ಜೆಟ್‌ಗೂ ಪೂರ್ತಿ ಸಿಗುವುದಿಲ್ಲ. 10,000 ಅಡಿ ಕೆಳಗೆ 250 ನಾಟ್ ಮಿತಿ ಇರುತ್ತದೆ, ಗಂಟೆಗೆ ಸುಮಾರು 460 ಕಿ.ಮೀ. ಅಲ್ಲಿ ಜೆಟ್ ಕೂಡ ಎಟಿಆರ್ ಥರಾನೇ ಹೋಗಬೇಕು. ಮೇಲೆ ಹೋಗಿ ವೇಗ ಹಿಡಿಯುವಷ್ಟರಲ್ಲಿ ಇಳಿಯೋಕೆ ಶುರು. ಬೆಂಗಳೂರಿನಲ್ಲಿ ರನ್‌ವೇಗೆ ಹೋಗುವ ಹಾದಿ ಉದ್ದ. ಮುಂದೆ ಸಾಲಿನಲ್ಲಿ ಬೇರೆ ವಿಮಾನಗಳು ನಿಂತಿರುತ್ತವೆ. ಮೈಸೂರಿನಲ್ಲಿ ಆ ಕಾಟ ಇಲ್ಲ. ಟರ್ಮಿನಲ್‌ನಿಂದ ಹೊರಟರೆ ರನ್‌ವೇ ಅಲ್ಲೇ.

ಸಣ್ಣ ದೂರಕ್ಕೆ ದೂರ ಲೆಕ್ಕಕ್ಕೆ ಬರುವುದೇ ಕಮ್ಮಿ. ಏರುವುದು, ಇಳಿಯುವುದು, ನೆಲದ ಮೇಲೆ ಓಡಾಡುವುದು ಇವೇ ಮುಕ್ಕಾಲು ಪಾಲು ಸಮಯ ತಿನ್ನುತ್ತವೆ. 74 ಕಿ.ಮೀ. ಹಾರಿದರೂ ಅರ್ಧ ಗಂಟೆಗಿಂತ ಜಾಸ್ತಿ ಬರೆಯಬೇಕಾಗುತ್ತದೆ.

ಉತ್ತರದವ
74 ಅಂತ ಹೇಳಿದ್ರಲ್ಲ, ಅದು ಹುಬ್ಬಳ್ಳಿ–ಬೆಳಗಾವಿ ನೇರ ದೂರ ಅಲ್ವೇನ್ರೀ? ನಮ್ಮ ಕಡೆ ಎರಡು ಏರ್‌ಪೋರ್ಟ್ ಅಷ್ಟು ಹತ್ತಿರ. ಯಾವ ಊರಿಗೆ ಯಾವ ವಿಮಾನ ಬಂತು ಅಂತ ಎರಡೂ ಊರಿನವರು ದಿನಾ ಜಗಳ ಆಡ್ತಾರೆ.

ನಿಮ್ಮ 208 ಕಿ.ಮೀ. ಏನೂ ಅಲ್ಲ ಬಿಡ್ರಿ. ಕಲಬುರಗಿ ಏರ್‌ಪೋರ್ಟ್‌ನಿಂದ ಮಂಗಳೂರಿಗೆ ನೇರ ದೂರ 530 ಕಿ.ಮೀ. ಒಂದೇ ರಾಜ್ಯ. ಬೆಂಗಳೂರಿಗೆ ಬಂದು ಬದಲಾಯಿಸಿ ಹೋದರೆ 460 ಮತ್ತು 306, ಒಟ್ಟು 770 ಕಿ.ಮೀ. ಹತ್ತಿರ. ಮಧ್ಯೆ ಕಾಯುವುದು ಬೇರೆ. 2019ರ ನವೆಂಬರ್‌ನಲ್ಲಿ ಕಲಬುರಗಿ ಏರ್‌ಪೋರ್ಟ್ ಶುರುವಾಯ್ತು. 3 ಕಿ.ಮೀ.ಗಿಂತ ಉದ್ದದ ರನ್‌ವೇ ಇದೆ. ಊರು ಊರಿಗೆ ಜೋಡಿಸುವ ವಿಮಾನ ಬೇಕು ಅಂತ ಕೇಳೋರು ನೀವು ಮಾತ್ರ ಅಲ್ಲ.

ಕುವೆಂಪುನಗರ ನಿವಾಸಿ
ಸರ್, ನಿಮ್ಮ ಮಾತು ನ್ಯಾಯ. ಕಲಬುರಗಿಯವರೂ ಕೇಳಬೇಕು. ಎಲ್ಲರೂ ಅವರವರ ಊರಿಗೆ ಕೇಳಿದರೇ ಅಲ್ವಾ ಆಗೋದು.

ಘಾಟಿ ಚಕ್ರ
ನಾನು ಈ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ನೇರವಾಗಿ ಹೇಳ್ತೀನಿ. ಮೈಸೂರಿನಿಂದ ಮಂಗಳೂರಿಗೆ ಕಾರಲ್ಲಿ ಆರು ಗಂಟೆ, ತಿಂಡಿಗೆ ನಿಲ್ಲಿಸಿದರೂ ಸೇರಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೆ ರಸ್ತೆ ಸಮ. ಕುಶಾಲನಗರ ದಾಟಿದ ಮೇಲೆ ಏರು. ಮಡಿಕೇರಿಯಿಂದ ಸಂಪಾಜೆವರೆಗೆ ಇಳಿಜಾರು ಮತ್ತು ತಿರುವು. ಸುಳ್ಯ, ಪುತ್ತೂರು, ಮಾಣಿ ದಾಟಿದರೆ ಬಿ.ಸಿ. ರೋಡ್. ಮನೆ ಬಾಗಿಲಲ್ಲಿ ಹತ್ತಿ ಮನೆ ಬಾಗಿಲಲ್ಲಿ ಇಳಿಯಬಹುದು.

ವಿಮಾನಕ್ಕೆ ಏನು ಲೆಕ್ಕ? ಮನೆಯಿಂದ ಮಂಡಕಳ್ಳಿಗೆ ಅರ್ಧ ಗಂಟೆ. ಎರಡು ಗಂಟೆ ಮೊದಲೇ ಬನ್ನಿ ಅಂತಾರೆ. ವಿಮಾನ ಒಂದು ಗಂಟೆ. ಬ್ಯಾಗಿಗೆ ಕಾಯಬೇಕು. ಬಜ್ಪೆಯಿಂದ ಊರೊಳಗೆ ಇನ್ನೊಂದು ಮುಕ್ಕಾಲು ಗಂಟೆ. ಐದು ಗಂಟೆ ಅಲ್ಲೇ ಆಯಿತು. ಒಂದು ಗಂಟೆ ಉಳಿಸೋಕೆ ಇಷ್ಟೆಲ್ಲ ಬೇಕಾ?

ಅಂಗಳದ ಸಂಪಿಗೆ
ಅಣ್ಣ, ನಿಮಗೆ ಒಂದು ಗಂಟೆ. ಬೆನ್ನು ನೋವಿನವರಿಗೆ ಲೆಕ್ಕ ಬೇರೆ. ಏರ್‌ಪೋರ್ಟ್‌ನಲ್ಲಿ ಕಾಯುವಾಗ ಎದ್ದು ಓಡಾಡಬಹುದು, ವೀಲ್‌ಚೇರ್ ಕೊಡುತ್ತಾರೆ, ಶೌಚಾಲಯ ಪಕ್ಕದಲ್ಲೇ ಇರುತ್ತದೆ. ಕಾರಿನಲ್ಲಿ ಆರು ಗಂಟೆ ಒಂದೇ ಭಂಗಿಯಲ್ಲಿ ಕೂರಬೇಕು, ತಿರುವಿನಲ್ಲಿ ಮೈ ಎಳೆಯುತ್ತದೆ. ನನ್ನ ಅತ್ತೆಗೆ ಸಂಪಾಜೆ ಇಳಿಯುವಷ್ಟರಲ್ಲಿ ವಾಂತಿ ಶುರುವಾಗುತ್ತಿತ್ತು. ಮಾತ್ರೆ ಕೊಟ್ಟರೆ ಇಡೀ ದಿನ ತೂಕಡಿಕೆ.

ರನ್‌ವೇ 27
ಎರಡು ಗಂಟೆ ಮೊದಲೇ ಅನ್ನೋದು ಬೆಂಗಳೂರಿನಂಥ ದೊಡ್ಡ ಏರ್‌ಪೋರ್ಟ್ ಲೆಕ್ಕ. ಮೈಸೂರಿನಲ್ಲಿ ಒಂದು ವಿಮಾನದ 70 ಜನರಿಗೆ ಅಷ್ಟು ಹೊತ್ತು ಬೇಕಿಲ್ಲ. ಕೌಂಟರ್ ಮುಚ್ಚುವ ಮೊದಲು ಬಂದರೆ ಸಾಕು, ಅದು ಸಾಮಾನ್ಯವಾಗಿ ಒಂದು ಗಂಟೆ ಮುಂಚೆ. ಬ್ಯಾಗ್ ಕೂಡ ಬೇಗ ಬರುತ್ತದೆ, ಎಟಿಆರ್‌ನಲ್ಲಿ ಇರುವುದೇ ಕಮ್ಮಿ. ನನ್ನ ಲೆಕ್ಕದಲ್ಲಿ ಮನೆಯಿಂದ ಮನೆಗೆ ನಾಲ್ಕು ಗಂಟೆ. ಎರಡು ಗಂಟೆ ಉಳಿತಾಯ. ಹೋಗಿ ಬರೋಕೆ ನಾಲ್ಕು.

ಘಾಟಿ ಚಕ್ರ
ಮಳೆ ಬಂದು ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿದರೆ? ಆಗ ಎಷ್ಟು ಗಂಟೆ?

ಕುಡ್ಲದ ಕಡಲು
ಮಳೆ ಬಂದರೆ ನಿಮ್ಮ ರಸ್ತೆಯೂ ಇರುವುದಿಲ್ಲವಲ್ಲ! 2018ರ ಆಗಸ್ಟ್ ಮರೆತಿರಾ? ಕೊಡಗಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಹೋಯಿತು. ಜೋಡುಪಾಲದ ಜನ ಮನೆಮಠ ಕಳೆದುಕೊಂಡರು. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯಿತು. ಅದೇ ತಿಂಗಳು ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು, ದಿನಗಟ್ಟಲೆ ರೈಲು ಇರಲಿಲ್ಲ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಮಳೆಗಾಲದಲ್ಲಿ ಮೂರನೇ ದಾರಿ ಒಂದು ಬೇಕು. ಇದು ಐಷಾರಾಮದ ಮಾತಲ್ಲ.

ಘಾಟಿ ಚಕ್ರ
2018ರಲ್ಲಿ ನಾನು ಅಲ್ಲೇ ಇದ್ದೆ. ರಸ್ತೆ ಬಂದ್ ಆದಾಗ ಆಸ್ಪತ್ರೆಗೆ ಹೋಗುವವರನ್ನು ಸುತ್ತಿ ಬಳಸಿ ಕರೆದುಕೊಂಡು ಹೋಗಿದ್ದೇನೆ. ಮೂರನೇ ದಾರಿ ಬೇಡ ಅಂತ ನಾನು ಹೇಳಲಿಲ್ಲ. ವಾರಕ್ಕೆ ನಾಲ್ಕು ದಿನ ಬಂದು, ಆಮೇಲೆ ನಿಂತು ಹೋಗುವ ವಿಮಾನವನ್ನು ನಂಬಿ ಜನ ಯೋಜನೆ ಹಾಕೋಕೆ ಆಗಲ್ಲ ಅಂತಷ್ಟೇ ನನ್ನ ಮಾತು.

ಕುವೆಂಪುನಗರ ನಿವಾಸಿ
ಇದು ನನಗೂ ಮುಖ್ಯ ಅನ್ನಿಸುತ್ತಿದೆ. ಯಾಕೆ ನಿಂತು ಹೋಗುತ್ತದೆ ಪ್ರತಿ ಸಲ?

ಹಳೇ ಪ್ರಯಾಣಿಕ
ಮೈಸೂರಿನ ಚರಿತ್ರೆ ಹೀಗೇ ಇದೆ ಕಣ್ರೀ. ಏರ್‌ಸ್ಟ್ರಿಪ್ ಮಹಾರಾಜರ ಕಾಲದ್ದು, 1940ರದ್ದು. ಹೊಸ ಟರ್ಮಿನಲ್ 2010ರ ಮೇನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಶುರು ಮಾಡಿತು. ಮುಂದಿನ ವರ್ಷವೇ ನಿಂತಿತು. ಆಮೇಲೆ ಸ್ಪೈಸ್‌ಜೆಟ್ ಬಂತು, ಹೋಯಿತು. 2017ರಲ್ಲಿ ಸಣ್ಣ ಊರುಗಳಿಗೆ ಕಮ್ಮಿ ದರದ ವಿಮಾನ ಕೊಡುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಚೆನ್ನೈಗೆ. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ. 2020ರ ಕೊನೆಯಲ್ಲಿ ಮಂಗಳೂರು. ಪ್ರತಿ ಸಲ ಊರಿಗೆ ಊರೇ ಖುಷಿಪಟ್ಟಿತು. ಪ್ರತಿ ಸಲ ಕೆಲವು ಮಾರ್ಗ ಸದ್ದಿಲ್ಲದೆ ಮಾಯವಾದವು.

ಮಂಗಳೂರಿನ ವಿಮಾನದಲ್ಲಿ ನಾನೂ ಹೋಗಿದ್ದೆ. ಎಟಿಆರ್‌ನಲ್ಲಿ ಹಿಂದಿನ ಬಾಗಿಲಿನಿಂದ ಹತ್ತಬೇಕು, ನಾಲ್ಕೈದು ಮೆಟ್ಟಿಲು ಅಷ್ಟೇ, ದೊಡ್ಡ ವಿಮಾನದ ಏಣಿ ಥರ ಅಲ್ಲ. ರೆಕ್ಕೆ ಮೇಲಿರುವುದರಿಂದ ಕಿಟಕಿಯಿಂದ ಕೆಳಗೆ ಚೆನ್ನಾಗಿ ಕಾಣುತ್ತದೆ. ಬಯಲು ಮುಗಿದು ಕಾಫಿ ತೋಟ, ಅದು ಮುಗಿದು ದಟ್ಟ ಕಾಡು, ಆಮೇಲೆ ಒಮ್ಮೆಲೇ ನೆಲ ಕೆಳಗೆ ಬಿದ್ದ ಹಾಗೆ. ಘಟ್ಟದ ಅಂಚು ಅದು. ಅಲ್ಲಿ ಸ್ವಲ್ಪ ಕುಲುಕಾಟ ಇರುತ್ತದೆ. ಅಷ್ಟರಲ್ಲಿ ಇಳಿಯುತ್ತಿದ್ದೇವೆ ಅಂತ ಹೇಳಿದರು.

ಸೀಟು ಅರ್ಧ ಖಾಲಿ ಇತ್ತು. ಹೊರಡುವುದು ಬೆಳಿಗ್ಗೆ ಹನ್ನೊಂದರ ಮೇಲೆ. ಕೆಲಸಕ್ಕೆ ಹೋಗುವವನು ಅದೇ ದಿನ ವಾಪಸ್ ಬರೋಕೆ ಆಗುವುದಿಲ್ಲ. ಅದರ ಮೇಲೆ ಕೊರೋನಾ ಕಾಲ. ತುಂಬುವುದು ಹೇಗೆ?

ಬಿ.ಸಿ. ರೋಡ್ ಜಂಕ್ಷನ್
ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಆರಕ್ಕೆ ಒಂದು ಇದ್ದರೆ ನಮ್ಮ ಊರಿನ ಎಷ್ಟು ಜನ ಹೋಗುತ್ತಿದ್ದರು. ಮೈಸೂರಿನಲ್ಲಿ ಓದುವ ಮಕ್ಕಳು, ಸಾಫ್ಟ್‌ವೇರ್ ಕಂಪನಿಯವರು, ಮಂಗಳೂರಿನ ಆಸ್ಪತ್ರೆಗೆ ಬರುವವರು, ಎಲ್ಲರೂ ಉಂಟು.

ರನ್‌ವೇ 27
ಮನವಿ ಬರೆಯುವವರು ಗಮನಿಸಬೇಕಾದದ್ದು ಇಲ್ಲಿದೆ. "ಮಂಗಳೂರಿಗೆ ವಿಮಾನ ಕೊಡಿ" ಅಂತ ಮಾತ್ರ ಬರೆದರೆ ಮತ್ತೆ ಅದೇ ಕಥೆ. ಮೈಸೂರಿನ ರನ್‌ವೇ 1,740 ಮೀಟರ್. ಎಟಿಆರ್‌ಗೆ ಸಮುದ್ರ ಮಟ್ಟದಲ್ಲಿ ಸುಮಾರು 1,300 ಮೀಟರ್ ಸಾಕು. ಮೈಸೂರು 700 ಮೀಟರ್‌ಗಿಂತ ಎತ್ತರದಲ್ಲಿದೆ, ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಹಾಗಾಗಿ ಇನ್ನಷ್ಟು ಬೇಕು. ಆದರೂ ನಡೆಯುತ್ತದೆ. ಏರ್‌ಬಸ್ 320 ಪೂರ್ತಿ ತುಂಬಿ ಹೊರಡಬೇಕಾದರೆ 2,000 ಮೀಟರ್‌ಗಿಂತ ಜಾಸ್ತಿ ಬೇಕು. ಹಾಗಾಗಿ ಮೈಸೂರಿಗೆ ಎಟಿಆರ್‌ನಂಥ ಸಣ್ಣ ವಿಮಾನ ಇರುವ ಕಂಪನಿ ಮಾತ್ರ ಬರಬಹುದು. ಅಂಥ ಕಂಪನಿಗಳು ಬೆರಳೆಣಿಕೆ. ಅವರ ಹತ್ತಿರ ಇರುವ ವಿಮಾನಗಳೂ ಕಮ್ಮಿ. ಒಂದು ವಿಮಾನ ರಿಪೇರಿಗೆ ಹೋದರೆ ಮೊದಲು ಕತ್ತರಿ ಬೀಳುವುದು ಇಂಥ ಸಣ್ಣ ಮಾರ್ಗಕ್ಕೆ.

ರನ್‌ವೇಯನ್ನು 2,750 ಮೀಟರ್‌ಗೆ ಉದ್ದ ಮಾಡುವ ಮಾತು ಬಹಳ ವರ್ಷಗಳಿಂದ ಇದೆ. ಪಕ್ಕದಲ್ಲೇ ನಂಜನಗೂಡಿಗೆ ಹೋಗುವ ಹೆದ್ದಾರಿ 766, ಅದರ ಜೊತೆಗೆ ರೈಲು ಹಳಿ. ಹೆದ್ದಾರಿಯನ್ನು ರನ್‌ವೇ ಕೆಳಗೆ ಅಂಡರ್‌ಪಾಸ್‌ನಲ್ಲಿ ಬಿಡಬೇಕೋ, ಬೇರೆ ಕಡೆ ತಿರುಗಿಸಬೇಕೋ ಅನ್ನೋದರಲ್ಲೇ ವರ್ಷಗಳು ಕಳೆದಿವೆ. ಮೊದಲು ರನ್‌ವೇ ಕೇಳಿ.

ಕುಡ್ಲದ ಕಡಲು
ನಾನು ಒಪ್ಪುವುದಿಲ್ಲ. ರನ್‌ವೇ ಉದ್ದ ಆದರೆ ಏನಾಗುತ್ತದೆ? ದೊಡ್ಡ ಜೆಟ್ ಬರುತ್ತದೆ. ಅದು ದೆಹಲಿಗೆ, ಮುಂಬೈಗೆ ಹೋಗುತ್ತದೆ. 208 ಕಿ.ಮೀ. ಮಂಗಳೂರಿಗೆ 180 ಸೀಟಿನ ಜೆಟ್ ಯಾರು ಬಿಡುತ್ತಾರೆ? ಈ ಮಾರ್ಗಕ್ಕೆ ಎಟಿಆರ್ ಸರಿಯಾದ ವಿಮಾನ. ಅದಕ್ಕೆ ಈಗಿನ ರನ್‌ವೇ ಸಾಕು ಅಂತ ನೀವೇ ಹೇಳಿದಿರಿ. ಶಿವಮೊಗ್ಗದಲ್ಲಿ 2023ರಲ್ಲಿ 3 ಕಿ.ಮೀ. ದಾಟುವ ರನ್‌ವೇ ಮಾಡಿದರು. ಮೊದಲು ಬಂದದ್ದು ಎಟಿಆರ್ ತಾನೇ, ಬೆಂಗಳೂರಿನಿಂದ?

ರನ್‌ವೇ 27
ಹೌದು, ಎಟಿಆರ್ ಬಂತು. ಆಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ಸ್ಟಾರ್ ಏರ್ ಹೈದರಾಬಾದ್, ತಿರುಪತಿ, ಗೋವಾಕ್ಕೆ ಎಂಬ್ರೇಯರ್ ಜೆಟ್ ಬಿಟ್ಟಿತು. ರನ್‌ವೇ ಇದ್ದರೆ ಆಯ್ಕೆ ಜಾಸ್ತಿ. ದೊಡ್ಡ ಮಾರ್ಗ ಇರುವ ಏರ್‌ಪೋರ್ಟ್‌ನಲ್ಲಿ ಸಣ್ಣ ಮಾರ್ಗವೂ ಬದುಕುತ್ತದೆ, ಯಾಕೆಂದರೆ ಆ ಊರಿಂದ ಮುಂದಕ್ಕೆ ಹೋಗುವವರೂ ಅದೇ ವಿಮಾನ ಹತ್ತುತ್ತಾರೆ. ಮಂಗಳೂರಿನಿಂದ ಮೈಸೂರಿಗೆ ಮಾತ್ರ ಬರುವವರಿಂದ ದಿನಾ 70 ಸೀಟು ತುಂಬುವುದು ಕಷ್ಟ.

ಕುಡ್ಲದ ಕಡಲು
ತಿರುಗಿಸಿ ನೋಡಿ. ಮೈಸೂರಿನವರು ಮಂಗಳೂರಿಗೆ ಬಂದು ದುಬೈ, ಅಬುಧಾಬಿ, ಮಸ್ಕತ್‌ಗೆ ಹೋಗಬಹುದು. ಗಲ್ಫ್ ವಿಮಾನದ ಸಮಯಕ್ಕೆ ಹೊಂದಿಸಿ ಮೈಸೂರು ವಿಮಾನ ಇಟ್ಟರೆ ಸೀಟು ತುಂಬುತ್ತದೆ. ಇದಕ್ಕೆ ರನ್‌ವೇ ಬೇಡ. ವೇಳಾಪಟ್ಟಿ ಸರಿ ಮಾಡಿದರೆ ಸಾಕು. ಮನವಿಯಲ್ಲಿ ಇದನ್ನು ಬರೆಯಿರಿ.

ಸೊನ್ನೆ ಒಂದು
ಉಡಾನ್ ನಿಯಮವನ್ನೂ ನೆನಪಿಡಿ. ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿ ಮಿತಿಯಲ್ಲಿ ಮಾರಬೇಕು ಅಂತ ಶುರುವಿನಲ್ಲಿ ಇತ್ತು. ಕಂಪನಿಗೆ ಆಗುವ ನಷ್ಟ ತುಂಬಿಕೊಡುತ್ತಾರೆ, ಆದರೆ ಮೂರು ವರ್ಷ ಮಾತ್ರ. ಆಮೇಲೆ ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು. ದೇಶದ ಎಷ್ಟೋ ಮಾರ್ಗಗಳು ಅಲ್ಲೇ ಮುಗಿದವು. ಇಬ್ಬರ ಮಾತೂ ಸೇರಿಸಿ ಬರೆಯಿರಿ ಸರ್. ತಕ್ಷಣಕ್ಕೆ ಒಳ್ಳೇ ಸಮಯದ ಎಟಿಆರ್, ಮುಂದಕ್ಕೆ ರನ್‌ವೇ.

ತೋಟದ ಮನೆ
ಮಧ್ಯೆ ಒಂದು ಮಾತು. ನಮ್ಮ ಕೊಡಗಿನ ದಕ್ಷಿಣದವರು ಕಣ್ಣೂರು ಏರ್‌ಪೋರ್ಟ್‌ಗೆ ಹೋಗುತ್ತಾರೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದರೆ ಮಟ್ಟನ್ನೂರು. 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ಗಲ್ಫ್‌ಗೆ ವಿಮಾನ ಇದೆ. ಮೈಸೂರಿನವರೂ ಆ ಕಡೆ ಹೋಗುವುದನ್ನು ಕೇಳಿದ್ದೇನೆ. ನಮ್ಮ ಏರ್‌ಪೋರ್ಟ್ ಸುಮ್ನೆ ಕೂತಿರುವಾಗ ನಮ್ಮ ಜನ ಪಕ್ಕದ ರಾಜ್ಯದ ಏರ್‌ಪೋರ್ಟ್ ತುಂಬುತ್ತಿದ್ದಾರೆ. ಇದನ್ನೂ ಬರೆಯಿರಿ.

ಉತ್ತರದವ
ನಮ್ಮ ಕಡೆಯವರು ಗೋವಾಕ್ಕೆ ಹೋಗ್ತಾರೆ. ಅದೇ ಕಥೆ.

ಅಂಗಳದ ಸಂಪಿಗೆ
ಬೆಂಗಳೂರು ಸುತ್ತಿ ಹೋದವರು ಯಾರಾದರೂ ಇದ್ದೀರಾ? ಮೈಸೂರಿನಿಂದ ಫ್ಲೈಬಸ್‌ನಲ್ಲಿ ದೇವನಹಳ್ಳಿಗೆ, ಅಲ್ಲಿಂದ ವಿಮಾನ?

ಹಳೇ ಪ್ರಯಾಣಿಕ
ಹೋಗಿದ್ದೇನೆ ಮೇಡಂ. ಬೇಡ. ಫ್ಲೈಬಸ್ ಚೆನ್ನಾಗಿದೆ, ಅದರಲ್ಲಿ ದೂರು ಇಲ್ಲ. ಹೆದ್ದಾರಿ ಆದ ಮೇಲೆ ಬೆಂಗಳೂರು ಹೊರವಲಯದವರೆಗೆ ಬೇಗ ಬರುತ್ತದೆ. ಆದರೆ ನಗರ ದಾಟಿ ಏರ್‌ಪೋರ್ಟ್ ಸೇರುವಷ್ಟರಲ್ಲಿ ನಾಲ್ಕು ಗಂಟೆ. ಅಲ್ಲಿ ಎರಡು ಗಂಟೆ. ವಿಮಾನ ಒಂದು. ಬಜ್ಪೆಯಿಂದ ಮನೆಗೆ ಒಂದು. ಪಶ್ಚಿಮಕ್ಕೆ ಹೋಗಬೇಕಾದವರು ಪೂರ್ವಕ್ಕೆ ಹೋಗಿ ಎಂಟು ಗಂಟೆ ಕಳೆಯಬೇಕು. ಒಮ್ಮೆ ಅಲ್ಲಿ ವಿಮಾನ ತಡವಾಗಿ ಇಡೀ ದಿನ ಹೋಯಿತು. ಸಹಾಯಕ್ಕೆ ಕೇಳಿದರೆ ಕೌಂಟರ್‌ನಲ್ಲಿ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ವಯಸ್ಸಾದವರಿಗೆ ಅಂಥ ಕಷ್ಟ ಕೊಡಬಾರದು.

ಹಳಿ ಬದಿ
ಇಷ್ಟು ಹೊತ್ತು ಯಾರೂ ರೈಲಿನ ಬಗ್ಗೆ ಸರಿಯಾಗಿ ಹೇಳಲೇ ಇಲ್ಲ. ಬೆಂಗಳೂರಿನಿಂದ ಮೈಸೂರು, ಹಾಸನ, ಮಂಗಳೂರು ಮೂಲಕ ಮುರ್ಡೇಶ್ವರಕ್ಕೆ ಹೋಗುವ ರಾತ್ರಿ ರೈಲು ಇದೆ. ಮೈಸೂರಿನಿಂದ ಮಂಗಳೂರಿಗೆ ಹಳಿ ಮೇಲೆ 300 ಕಿ.ಮೀ. ದಾಟುತ್ತದೆ, ಏಕೆಂದರೆ ಹಾಸನಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಟ್ಟ. ಅಲ್ಲಿ ರೈಲು ಗಂಟೆಗೆ 30 ಕಿ.ಮೀ. ಮೀರುವುದಿಲ್ಲ. 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು. ಸಮಯ ಜಾಸ್ತಿ, ನಿಜ. ಆದರೆ ಬೆನ್ನು ನೋವಿನವರು ಮಲಗಿಕೊಂಡು ಹೋಗಬಹುದು. ವಿಮಾನದಲ್ಲೂ ಕಾರಿನಲ್ಲೂ ಅದು ಆಗುವುದಿಲ್ಲ.

ಅಮ್ಮನಿಗೆ ಎಸಿ ಬೋಗಿಯಲ್ಲಿ ಕೆಳಗಿನ ಬರ್ತ್ ಮಾಡಿಸಿ. 45 ವರ್ಷ ದಾಟಿದ ಮಹಿಳೆಯರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಬುಕ್ ಮಾಡುವಾಗ ಆ ಕೋಟಾ ಆರಿಸಿಕೊಳ್ಳಬೇಕು.

ಘಾಟಿ ಚಕ್ರ
ಇದು ಸರಿಯಾದ ಮಾತು. ನಾನೇ ಹೇಳ್ತೀನಿ, ಆಪರೇಷನ್ ಆದವರನ್ನು ಈ ಮಳೆಯಲ್ಲಿ ಕಾರಲ್ಲಿ ಕರೆದುಕೊಂಡು ಹೋಗಬೇಡಿ. ರಸ್ತೆಯಲ್ಲಿ ಗುಂಡಿ ಇದ್ದೇ ಇರುತ್ತದೆ.

ಅಂಗಳದ ಸಂಪಿಗೆ
ಸರ್, ಒಂದು ಸಲ ಡಾಕ್ಟರ್ ಹತ್ತಿರ ಕೇಳಿ. ಮಲಗಿ ಹೋಗಬಹುದು ಅಂದರೆ ರೈಲೇ ಒಳ್ಳೆಯದು. ಬೆನ್ನಿಗೆ ಬೆಲ್ಟ್ ಹಾಕಿಕೊಂಡೇ ಮಲಗಬೇಕಾ ಅಂತಲೂ ಕೇಳಿ.

ಕುವೆಂಪುನಗರ ನಿವಾಸಿ
ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ರೈಲಿನ ಕೆಳಗಿನ ಬರ್ತ್ ಈ ವಾರವೇ ನೋಡುತ್ತೇನೆ. ಡಾಕ್ಟರ್ ಹತ್ತಿರವೂ ಕೇಳುತ್ತೇನೆ ಅಕ್ಕ.

ಮನವಿಯಲ್ಲಿ ಇಷ್ಟು ಬರೆಯುತ್ತಿದ್ದೇವೆ. ನೇರ ದೂರ 208 ಕಿ.ಮೀ., ರಸ್ತೆ 250ಕ್ಕಿಂತ ಜಾಸ್ತಿ, ರೈಲು 300ಕ್ಕಿಂತ ಜಾಸ್ತಿ. ಮನೆಯಿಂದ ಮನೆಗೆ ವಿಮಾನದಲ್ಲಿ ನಾಲ್ಕು ಗಂಟೆ, ಕಾರಲ್ಲಿ ಆರು. 2018 ಮತ್ತು 2024ರಲ್ಲಿ ಘಾಟಿ ಬಂದ್ ಆದ ವಿಷಯ. ಬೆಳಿಗ್ಗೆ ಸಂಜೆ ಎರಡು ಹೊತ್ತು ಎಟಿಆರ್, ಮಂಗಳೂರಿನ ಗಲ್ಫ್ ವಿಮಾನಗಳಿಗೆ ಹೊಂದುವ ಹಾಗೆ. ಕನಿಷ್ಠ ಒಂದು ವರ್ಷ ನಿಲ್ಲಿಸದೆ ಓಡಿಸುವ ಭರವಸೆ. ರನ್‌ವೇ ವಿಸ್ತರಣೆ ಕೊನೆಯ ಅಂಶ.

ರನ್‌ವೇ 27
ರನ್‌ವೇಯನ್ನು ಕೊನೆಗೆ ಹಾಕಬೇಡಿ ಸರ್. ಮೊದಲು ಹಾಕಿ. ಸಂಸದರ ಕೈಯಲ್ಲಿ ನಿಜವಾಗಿ ಆಗುವ ಕೆಲಸ ಅದು. ವೇಳಾಪಟ್ಟಿ ಕಂಪನಿಯ ಕೈಯಲ್ಲಿದೆ.

ಕುಡ್ಲದ ಕಡಲು
ಮೊದಲು ಹಾಕಿದರೆ ಉಳಿದದ್ದನ್ನು ಯಾರೂ ಓದುವುದಿಲ್ಲ. ಹೆದ್ದಾರಿ, ಅಂಡರ್‌ಪಾಸ್ ಅಂತ ಮತ್ತೆ ಹತ್ತು ವರ್ಷ. ಎರಡು ಬೇರೆ ಬೇರೆ ಮನವಿ ಮಾಡಿ. ವಿಮಾನದ್ದನ್ನು ಕಂಪನಿಗೂ ದಕ್ಷಿಣ ಕನ್ನಡದ ಸಂಸದರಿಗೂ ಕಳಿಸಿ. ಮಂಗಳೂರು ಕಡೆಯ ಸಹಿ ನಾವು ಹಾಕಿಸುತ್ತೇವೆ.

ಬಿ.ಸಿ. ರೋಡ್ ಜಂಕ್ಷನ್
ಬಂಟ್ವಾಳ, ಪುತ್ತೂರು ನನಗೆ ಬಿಡಿ. ಮನವಿಯ ಪ್ರತಿ ಇಲ್ಲೇ ಹಾಕಿ, ಪ್ರಿಂಟ್ ತೆಗೆಸಿಕೊಳ್ಳುತ್ತೇನೆ.

ಘಾಟಿ ಚಕ್ರ
ಸುಳ್ಯ ಸ್ಟ್ಯಾಂಡ್‌ನಲ್ಲಿ ನಮ್ಮ ಡ್ರೈವರ್‌ಗಳ ಸಹಿ ನಾನು ಹಾಕಿಸುತ್ತೇನೆ. ಏರ್‌ಪೋರ್ಟ್ ಬಾಡಿಗೆ ನಮಗೂ ಬರುತ್ತದಲ್ವಾ.